ಸ್ಪ್ರಿಂಟೋ, ಎಂಡ್ಯೂರೆನ್ಸೋ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪುಣೆಯ ವಾಕಡ್, ಹಿಂಜವಡಿ ಕಡೆಯ ಬಾಡಿಗೆ ಫ್ಲ್ಯಾಟುಗಳಲ್ಲಿ ಕಂಪ್ಯೂಟರಿಗೆ ಸ್ಟಿಯರಿಂಗ್ ವೀಲ್ ಜೋಡಿಸಿಕೊಂಡು ಕಾರ್ ರೇಸ್ ಆಡುವ ಕನ್ನಡದ ಗೆಳೆಯರು ಕೇಳುವುದು ಇದನ್ನೇ: "ಸಿಮ್ ರೇಸಿಂಗ್‌ನಲ್ಲಿ ಸ್ಪ್ರಿಂಟ್ ಆಡ್ತಾ ಇದೀನಿ, ಎಂಡ್ಯೂರೆನ್ಸ್‌ಗೆ ಯಾವಾಗ ಹೋಗ್ಲಿ?" ಸ್ಪ್ರಿಂಟ್ ಎಂದರೆ ಒಬ್ಬರೇ ಓಡಿಸುವ ಕಿರು ರೇಸ್, ಎಂಡ್ಯೂರೆನ್ಸ್ ಎಂದರೆ ತಂಡದವರು ಸರದಿಯಲ್ಲಿ ಓಡಿಸುವ ಹಲವು ಗಂಟೆಗಳ ರೇಸ್.

ಅತಿ ವೇಗದ ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ನೋಡಬೇಡಿ, ಸರಾಸರಿ ನೋಡಿ. ಟ್ಯಾಂಕ್ ತುಂಬಿಸಿಕೊಂಡು ಒಂದು ಗಂಟೆ ಒಬ್ಬರೇ ಓಡಿಸಿ. ಎರಡು ನಿಮಿಷದ ಟ್ರ್ಯಾಕಿನಲ್ಲಿ, ಪಿಟ್‌ನಿಂದ (ಇಂಧನ, ಟೈರಿಗಾಗಿ ನಿಲ್ಲುವ ಜಾಗ) ಹೊರಬರುವ ಮತ್ತು ಒಳಹೋಗುವ ಲ್ಯಾಪ್ ಬಿಟ್ಟು, ಸರಾಸರಿಗೂ ಅತ್ಯುತ್ತಮ ಲ್ಯಾಪಿಗೂ ಒಂದು ಸೆಕೆಂಡಿಗಿಂತ ಕಡಿಮೆ ಅಂತರವಿದ್ದು, ಕಾರು ಒಮ್ಮೆಯೂ ಗಿರಕಿ ಹೊಡೆಯದಿದ್ದರೆ ತಂಡ ಸೇರಿ. ಅಂತರ ಎರಡು ಸೆಕೆಂಡ್ ಇದ್ದರೆ ಸದ್ಯಕ್ಕೆ ಸ್ಪ್ರಿಂಟೇ ಸರಿ.

ಸ್ಪ್ರಿಂಟನ್ನು ಕೀಳಾಗಿ ಕಾಣುವುದು ಬೇಡ. 20 ನಿಮಿಷದ ರೇಸಿನಲ್ಲಿ ಬಹುಪಾಲು ಫಲಿತಾಂಶ ಕ್ವಾಲಿಫೈಯಿಂಗ್‌ನಲ್ಲೂ (ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ನಿರ್ಧರಿಸುವ ಸುತ್ತು) ಮೊದಲ ಎರಡು ತಿರುವುಗಳಲ್ಲೂ ತೀರ್ಮಾನವಾಗಿಬಿಡುತ್ತದೆ. ತಣ್ಣಗಿನ ಟೈರಿನಲ್ಲಿ ಬ್ರೇಕ್ ಎಷ್ಟು ಮುಂಚೆ ಹಿಡಿಯಬೇಕು, ಪಕ್ಕದ ಕಾರಿಗೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಅಷ್ಟು ಬೇಗ ಕಲಿಸುವ ಜಾಗ ಬೇರೆ ಇಲ್ಲ.

ಎಂಡ್ಯೂರೆನ್ಸ್‌ನಲ್ಲಿ ಹೆಚ್ಚಿನವರು ಎಡವುವುದು ಇಂಧನದ ಲೆಕ್ಕದಲ್ಲಿ. ಆರು ಗಂಟೆಯ ರೇಸ್, ಎರಡು ನಿಮಿಷದ ಲ್ಯಾಪ್, 100 ಲೀಟರ್ ಟ್ಯಾಂಕ್, ಲ್ಯಾಪಿಗೆ 3 ಲೀಟರ್ ಖರ್ಚು ಎಂದುಕೊಳ್ಳಿ. ಪಿಟ್‌ನಲ್ಲಿ ಕಳೆಯುವ ಹೊತ್ತು ತೆಗೆದರೆ ಸುಮಾರು 178 ಲ್ಯಾಪ್ ಸಿಗುತ್ತವೆ. ಒಂದು ಟ್ಯಾಂಕಿಗೆ 33 ಲ್ಯಾಪ್, ಅಂದರೆ ಐದು ಸಲ ನಿಲ್ಲಬೇಕು. ತಿರುವಿಗೆ ಮುಂಚೆಯೇ ಆಕ್ಸಿಲರೇಟರ್ ಬಿಟ್ಟು ಉಳಿಸುತ್ತ ಹೋಗಿ 34 ಅಥವಾ 35 ಲ್ಯಾಪ್ ಮಾಡಿದರೂ ಅದೇ ಐದು ನಿಲುಗಡೆ! 36 ಮುಟ್ಟಿದರೆ ಮಾತ್ರ ನಾಲ್ಕಾಗುತ್ತದೆ. ಅದಕ್ಕೆ ಲ್ಯಾಪಿಗೆ 2.77 ಲೀಟರ್ ದಾಟಬಾರದು. ಒಂದು ನಿಲುಗಡೆಗೆ ಒಂದು ನಿಮಿಷ ಹೋಗುವುದಾದರೆ, ಈ ಉಳಿತಾಯಕ್ಕಾಗಿ ಲ್ಯಾಪಿಗೆ 0.3 ಸೆಕೆಂಡ್‌ವರೆಗೆ ಬಿಟ್ಟುಕೊಡಬಹುದು. ಅದಕ್ಕಿಂತ ಹೆಚ್ಚು ಹೋಗುತ್ತಿದ್ದರೆ ಉಳಿಸುವ ಗೋಜೇ ಬೇಡ, ಪೂರ್ತಿ ವೇಗದಲ್ಲಿ ಓಡಿಸಿ ಐದು ಸಲ ನಿಲ್ಲಿ. ಈ ಲೆಕ್ಕ ರೇಸಿಗೆ ಮುಂಚೆ ಕಾಗದದ ಮೇಲೆ ಇರಬೇಕು.

ಟೈರಿನದು ಇನ್ನೊಂದು ಪಾಠ. ಅಸೆಟ್ಟೊ ಕೊರ್ಸಾ ಕಾಂಪೆಟಿಸಿಯೋನೆ ಎಂಬ ಆಟದಲ್ಲಿ ಒಣ ಟ್ರ್ಯಾಕಿನ ಟೈರು ಬಿಸಿಯಾದ ಮೇಲೆ ಅದರ ಗಾಳಿಯ ಒತ್ತಡ 26ರಿಂದ 27 ಪಿಎಸ್‌ಐ ನಡುವೆ ಇರಬೇಕು. ಸಂಜೆ ಸರಿಹೊಂದಿಸಿದ ಒತ್ತಡ ರಾತ್ರಿಗೆ ಸಾಲುವುದಿಲ್ಲ. ತಾಪಮಾನ ಒಂದು ಡಿಗ್ರಿ ಇಳಿದರೆ ಸುಮಾರು 0.1 ಪಿಎಸ್‌ಐ ಇಳಿಯುತ್ತದೆ, ಅಷ್ಟನ್ನು ಮುಂದಿನ ಸೆಟ್‌ಗೆ ಏರಿಸಿ. ಸೆಟಪ್ (ಕಾರಿನ ಹೊಂದಾಣಿಕೆ) ಕೂಡ ತಂಡದಲ್ಲಿ ಎಲ್ಲರಿಗಿಂತ ನಿಧಾನದವರಿಗೆ ಹೊಂದಬೇಕು. ಹಿಂಭಾಗ ಜಾರುವ ಕಾರು ಒಬ್ಬರ ಕೈಯಲ್ಲಿ ವೇಗವಾಗಿ ಓಡಬಹುದು, ಬೆಳಗಿನ ಜಾವ ನಾಲ್ಕಕ್ಕೆ ಇನ್ನೊಬ್ಬರ ಕೈಯಲ್ಲಿ ಗೋಡೆಗೆ ಹೋಗುತ್ತದೆ.

ಐರೇಸಿಂಗ್ ಎಂಬ ಇನ್ನೊಂದು ಆಟದ ತಂಡದ ರೇಸಿನಲ್ಲಿ, ಒಟ್ಟು ಲ್ಯಾಪ್‌ಗಳನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ಬರುವ ಪಾಲಿನ ಕನಿಷ್ಠ ಕಾಲು ಭಾಗವನ್ನು ಪ್ರತಿಯೊಬ್ಬರೂ ಓಡಿಸಲೇಬೇಕು. ಹಾಗಾಗಿ ವೇಗದವರೊಬ್ಬರ ಮೇಲೇ ಎಲ್ಲ ಹೊರಿಸಲಾಗದು. ಗ್ರೀನ್‌ವಿಚ್ ಸಮಯ ಶನಿವಾರ ಮಧ್ಯಾಹ್ನ 12ಕ್ಕೆ ಹೊರಡುವ 24 ಗಂಟೆಯ ರೇಸ್ ನಮಗೆ ಶನಿವಾರ ಸಂಜೆ 5:30ಕ್ಕೆ ಶುರು, ಭಾನುವಾರ ಸಂಜೆ 5:30ಕ್ಕೆ ಮುಕ್ತಾಯ. ರಾತ್ರಿ 2ರಿಂದ 6ರ ಪಾಳಿ ಯಾರದು ಎಂದು ವಾರ ಮುಂಚೆಯೇ ಹಂಚಿಕೊಳ್ಳಿ, ಆ ಪಾಳಿಯವರು ಸಂಜೆಯೇ ಮಲಗಲಿ. ಮುಂದಿನವರು 15 ನಿಮಿಷ ಮೊದಲೇ ಸರ್ವರ್‌ನಲ್ಲಿರಬೇಕು. ಇಳಿಯುವವರು ಹೇಳಬೇಕಾದದ್ದು ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಚಕ್ರಗಳ ನಡುವೆ ಬ್ರೇಕಿನ ಹಂಚಿಕೆ), ಕಾರಿಗಾದ ಪೆಟ್ಟು, ಉಳಿದ ಇಂಧನ, ಟೈರ್ ಎಷ್ಟು ಲ್ಯಾಪ್ ಹಳೆಯದು, ಇಷ್ಟು.

ಕೊನೆಯದು ಕರೆಂಟ್. 24 ಗಂಟೆಯ ಹೆಸರಾಂತ ರೇಸ್ ಲೆ ಮಾನ್ ನಡೆಯುವುದು ಜೂನ್‌ನಲ್ಲಿ, ಪುಣೆಗೆ ಮಳೆ ಇಳಿಯುವುದೂ ಆಗಲೇ. ಮನೆಯ ಇನ್ವರ್ಟರ್ ಸಾಧಾರಣ ಮೋಡ್‌ನಲ್ಲಿದ್ದರೆ ಕರೆಂಟ್ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ಆಫ್ ಆಗಿಬಿಡಬಹುದು. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಮಾತ್ರ ತಡೆಯುತ್ತದೆ. ಗ್ರಾಫಿಕ್ಸ್ ಕಾರ್ಡ್, ಮಾನಿಟರ್, ಡೈರೆಕ್ಟ್ ಡ್ರೈವ್ ವೀಲ್ (ಮೋಟರಿಗೇ ನೇರ ಜೋಡಿಸಿದ ಸ್ಟಿಯರಿಂಗ್) ಸೇರಿದರೆ ಅದು ಸಾಲದು, ಲೋಡ್ ಅಳೆದು 1 ಕೆವಿಎ ಅಥವಾ ಅದಕ್ಕೂ ದೊಡ್ಡದು ಕೊಳ್ಳಿ. ಫೈಬರ್ ಮೋಡೆಮ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಬೇರೆಯೇ ಇರಲಿ. ದೀಪ ಆರಿದ ಕೂಡಲೇ ಜೊತೆಗಾರರಿಗೆ ಹೇಳಿ, ಅದೇ ಲ್ಯಾಪಿನಲ್ಲಿ ಪಿಟ್‌ಗೆ ಬಂದು ಕಾರು ಬಿಟ್ಟುಕೊಡಿ. ಬ್ಯಾಟರಿಯ ಐದಾರು ನಿಮಿಷ ಇರುವುದು ಅದಕ್ಕೇ.