ಸೀಳೆಲೆಯ ಸಸಿ

2025 ಜೂನ್ 14, ಶನಿವಾರ

ಇವತ್ತು ಒಂದು ಹಲಸಿನ ಸಸಿಯನ್ನು ಕಿತ್ತೇ ಬಿಡುತ್ತಿದ್ದೆ. ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಸಂಜೆ ಕುಂಡಗಳಲ್ಲಿ ಕಳೆ ತೆಗೆಯುತ್ತಿದ್ದೆ. ಮೂರು ಸಸಿ ಸರಿಯಾಗಿದ್ದವು. ನಾಲ್ಕನೆಯದರ ಎಲೆ ಮಾತ್ರ ಎರಡೂ ಪಕ್ಕ ಸೀಳಿಕೊಂಡು ಮೂರು ಬೆರಳು ಬಿಚ್ಚಿದ ಹಾಗಿತ್ತು. ಹಲಸಿನ ಎಲೆ ಅಂದರೆ ದಪ್ಪ, ನುಣುಪು, ಅಂಚಿನಲ್ಲಿ ಒಂದು ಕಚ್ಚೂ ಇರಲ್ಲ, ಅಲ್ವಾ? ಇದ್ಯಾವುದೋ ಕಳೆ ಅಂತ ಬುಡಕ್ಕೆ ಕೈ ಹಾಕಿದೆ.

"ಏಯ್, ತಡಿ! ಎಲೆ ತುದಿ ಚಿವುಟಿ ನೋಡು" ಅಂದಳು ಅಮ್ಮ.

ಚಿವುಟಿದೆ. ಬಿಳಿ ಹಾಲು ಹನಿಗಟ್ಟಿ ಬೆರಳಿಗೆ ಅಂಟಿತು. ಮೆಲ್ಲಗೆ ಮಣ್ಣು ಕೆದಕಿದರೆ ಬೀಜ ಇನ್ನೂ ಅಲ್ಲೇ ಇದೆ! ಅವರೆಯ ಹಾಗೆ ಇದರ ಬೇಳೆ ಮೇಲೆದ್ದು ಬರುವುದಿಲ್ಲ. ಮಣ್ಣೊಳಗೇ ಕೂತು ಸಸಿಗೆ ಉಣಿಸುತ್ತದೆ. ಕಂದು ಸಿಪ್ಪೆ ಸುಕ್ಕಾಗಿತ್ತು, ಒತ್ತಿದರೆ ಮೆತ್ತಗಿತ್ತು.

"ಎಳೆಯದರಲ್ಲಿ ಕೆಲವು ಹೀಗೇ ಸೀಳಿರುತ್ತವೆ. ಬೆಳೀತಾ ಬೆಳೀತಾ ಬರೋ ಎಲೆ ಇಡಿಯಾಗಿ ಬರುತ್ತೆ." ಅಮ್ಮನಿಗೆ ಇದು ಗೊತ್ತಿತ್ತು. ನಾನು ಹಲಸಿನ ಸಸ್ಯಶಾಸ್ತ್ರದ ಹೆಸರು ಎಷ್ಟು ಸಲ ಓದಿದ್ದೇನೆ. ಅದರಲ್ಲಿರುವ 'ಹೆಟೆರೊಫಿಲ್ಲಸ್' ಅಂದರೆ ಬೇರೆ ಬೇರೆ ಥರದ ಎಲೆಯದು ಅಂತಲೇ ಅರ್ಥ.

ಹನ್ನೆರಡು ಬೀಜ ಎತ್ತಿಟ್ಟಿದ್ದೆ. ಆರನ್ನು ಲೋಳೆ ತೊಳೆದು ಅವತ್ತೇ ಹೂತೆ, ನಾಲ್ಕು ಹುಟ್ಟಿದವು. ಉಳಿದ ಆರನ್ನು ಬೇರೆ ಬೀಜಗಳ ಹಾಗೆ ಚೆನ್ನಾಗಿ ಒಣಗಲಿ ಅಂತ ಕಾಗದದಲ್ಲಿ ಸುತ್ತಿಟ್ಟು, ಒಂದೂವರೆ ತಿಂಗಳು ಬಿಟ್ಟು ಹೂತೆ. ಒಂದೂ ಏಳಲಿಲ್ಲ. ಹಲಸಿನ ಬೀಜ ಒಣಗಿದರೆ ಸತ್ತ ಹಾಗೇ.

ಗಾಳಿಗೆ ಬಿದ್ದುಹೋದ ನಮ್ಮ ಹಳೇ ಹಲಸಿನ ಮರದ ಕೊನೆ ಹಣ್ಣಿನ ಬೀಜ ಅವು.

"ಇದರಲ್ಲೂ ಅದೇ ಹಣ್ಣು ಬಿಡುತ್ತೆ ಅಲ್ವಾ?" ಅಂತ ಅಮ್ಮ ಕೇಳಿದಳು. ನಾನು ಸುಮ್ನೆ ನೀರು ಹಾಕುತ್ತಾ ನಿಂತೆ. ಹಲಸಿಗೆ ಬೇರೆ ಮರದ ಪರಾಗವೂ ಬಂದು ಕೂಡುತ್ತದೆ, ಬೀಜದ ಸಸಿ ತಾಯಿ ಥರಾನೇ ಆಗುತ್ತೆ ಅನ್ನೋ ಹಾಗಿಲ್ಲ. ಗಟ್ಟಿ ತೊಳೆಯ ಬಕ್ಕೆ ಮರದ ಬೀಜದಲ್ಲಿ ಮೆತ್ತನೆ ತೊಳೆಯ ಅಂಬಲಿ ಹಣ್ಣೂ ಬರಬಹುದು. ಅದೇ ಹಣ್ಣು ಬೇಕಿದ್ದರೆ ಮರ ಇದ್ದಾಗಲೇ ಕಸಿ ಕಟ್ಟಬೇಕಿತ್ತು. ಇದನ್ನು ಅವಳಿಗೆ ಹೇಗೆ ಹೇಳಲಿ?

ಕುಂಡದ ತೂತಿನಿಂದ ತಾಯಿಬೇರು ಆಗಲೇ ಹೊರಗೆ ಇಣುಕುತ್ತಿದೆ. ಅದಕ್ಕೆ ಪೆಟ್ಟಾದರೆ ಸಸಿ ಸೊರಗುತ್ತದೆ, ನಾಳೆಯೇ ನೆಲಕ್ಕೆ ಇಳಿಸಬೇಕು. ಹಳೇ ಮರ ಇದ್ದಲ್ಲೇ ನೆಡೋಣ ಅಂತಾಳೆ ಅಮ್ಮ. ಆದರೆ ಅಲ್ಲಿ ಈಗೀಗ ನೀರು ನಿಲ್ಲುತ್ತಿದೆ, ಹಲಸಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ, ಆ ಮರ ಬಿದ್ದದ್ದೂ ಬಹುಶಃ...