ಕೆನಡಾಕ್ಕೆ ಹೊರಟಿದ್ದರೆ ‘ಬೊಂಜೂರ್’ ಕಲಿತುಕೊಂಡೇ ಹೋಗಿ

ಕೆನಡಾದಲ್ಲಿ ಇಂಗ್ಲಿಷ್ ಬಂದರೆ ಸಾಕು ಅಂದುಕೊಂಡೇ ನಾವಿಬ್ಬರೂ ವಿಮಾನ ಹತ್ತಿದ್ದು. ಟೊರೊಂಟೊದ ಮಗಳ ಮನೆಯಲ್ಲಿ ಇದ್ದಷ್ಟು ದಿನ ಅದು ನಿಜವೇ ಆಗಿತ್ತು. ಅಲ್ಲಿನ ಬಸ್ಸುಗಳಲ್ಲಿ ಫ್ರೆಂಚ್‌ಗಿಂತ ಪಂಜಾಬಿ, ತಮಿಳು, ಚೀನೀ ಮಾತೇ ಹೆಚ್ಚು ಕಿವಿಗೆ ಬಿತ್ತು. ಫ್ರೆಂಚ್ ಕಂಡದ್ದು ಬಿಸ್ಕತ್ ಪೊಟ್ಟಣದ ಮೇಲೆ.

ಅಲ್ಲಿಂದ ರಾಜಧಾನಿ ಒಟ್ಟಾವಾಕ್ಕೆ ರೈಲಿನಲ್ಲಿ ನಾಲ್ಕೂವರೆ ಗಂಟೆ. ಪಾರ್ಲಿಮೆಂಟಿನ ಹಳೆಯ ಮುಖ್ಯ ಕಟ್ಟಡ ದುರಸ್ತಿಯಲ್ಲಿದೆ, 2019ರಿಂದ ಕೆಳಮನೆ ಸೇರುವುದು ಪಶ್ಚಿಮದ ಕಟ್ಟಡದಲ್ಲಿ. ನೋಡಲು ದುಡ್ಡಿಲ್ಲ, ಆದರೆ ಟಿಕೆಟ್ ಮೊದಲೇ ಕಾಯ್ದಿರಿಸಿ. ಆಗಲೇ ಇಂಗ್ಲಿಷ್ ತಂಡವೋ ಫ್ರೆಂಚ್ ತಂಡವೋ ನೋಡಿಕೊಳ್ಳಿ. 1969ರ ಕಾಯ್ದೆಯಿಂದ ಕೇಂದ್ರ ಸರ್ಕಾರದ ಕೆಲಸವೆಲ್ಲ ಎರಡೂ ಭಾಷೆಯಲ್ಲಿ. ಅದೇ ಸದನದಲ್ಲಿ 2022ರ ಮೇ ತಿಂಗಳಲ್ಲಿ ನಮ್ಮ ಶಿರಾ ತಾಲ್ಲೂಕಿನಿಂದ ಹೋದ, ಆಗ ಅಲ್ಲಿನ ಸಂಸದರಾಗಿದ್ದ ಚಂದ್ರ ಆರ್ಯ ಕನ್ನಡದಲ್ಲಿ ಮಾತಾಡಿದ್ದರು. ಅದನ್ನು ನೆನೆದು ನನ್ನ ಕಣ್ಣು ತುಂಬಿಬಂತು.

ಆದರೆ ದೇಶ ದ್ವಿಭಾಷೆಯದು ಅಂದರೆ ಜನರೆಲ್ಲ ಎರಡೂ ಬಲ್ಲರು ಅಂತಲ್ಲ. 2021ರ ಜನಗಣತಿಯಲ್ಲಿ ಸುಮಾರು 3 ಕೋಟಿ 70 ಲಕ್ಷ ಜನ. ಎರಡನ್ನೂ ಆಡಬಲ್ಲವರು ಶೇ. 18 ಮಾತ್ರ. 85 ಲಕ್ಷ ಜನರ ಕ್ವಿಬೆಕ್ ಪ್ರಾಂತ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅದರಾಚೆ ಹತ್ತರಲ್ಲಿ ಒಬ್ಬರೂ ಇಲ್ಲ. ಪ್ರಾಂತ್ಯಗಳ ಪೈಕಿ ಎರಡೂ ಭಾಷೆ ಅಧಿಕೃತವಾಗಿರುವುದು ನ್ಯೂ ಬ್ರನ್ಸ್‌ವಿಕ್ ಒಂದರಲ್ಲೇ. ಕ್ವಿಬೆಕ್‌ನಲ್ಲಿ ಫ್ರೆಂಚ್ ಒಂದೇ. 1977ರ ಭಾಷಾ ಕಾನೂನು ಅಲ್ಲಿನ ಅಂಗಡಿ ಬೋರ್ಡಿನಿಂದ ಮಕ್ಕಳ ಶಾಲೆಯವರೆಗೂ ಮುಟ್ಟುತ್ತದೆ.

ಹಾಗಾಗಿ ಕ್ವಿಬೆಕ್‌ನ ಮಾಂಟ್ರಿಯಲ್‌ಗೆ ಬಾಡಿಗೆ ಕಾರಿನಲ್ಲಿ ಹೋಗುವವರು ಜೋಪಾನ. ಪಾರ್ಕಿಂಗ್ ಫಲಕದಲ್ಲಿ ವಾರದ ಹೆಸರೂ ಫ್ರೆಂಚ್: ಸೋಮವಾರ ‘ಲಂದಿ’, ಶುಕ್ರವಾರ ‘ವಾಂದ್ರದಿ’. ನಾವು ಒಂದೇ ಕಂಬದ ಮೂರು ಫಲಕ ನೋಡುತ್ತಾ ನಿಂತಿದ್ದಾಗ ಒಬ್ಬ ಅಜ್ಜಿ ತಾವೇ ಬಂದು ಬೆರಳು ಮಾಡಿ ತಿಳಿಸಿಕೊಟ್ಟರು. ಮೆಟ್ರೋದಲ್ಲಿ ‘ಸೋರ್ತಿ’ ಕಂಡರೆ ಅದೇ ಹೊರದಾರಿ. ಅಂಗಡಿಯಲ್ಲಿ ಮೊದಲು ‘ಬೊಂಜೂರ್’ ಅನ್ನಿ, ಇಂಗ್ಲಿಷ್ ಆಮೇಲೆ. ನಮ್ಮೂರಲ್ಲಿ ಹೊರಗಿನವರು ‘ನಮಸ್ಕಾರ’ ಅಂದಾಗ ನಮ್ಮ ಮುಖ ಅರಳುವ ಹಾಗೇ ಅವರದೂ ಅರಳುತ್ತದೆ.

ಸಸ್ಯಾಹಾರಿಗಳು ‘ಸಾಂ ವ್ಯಾಂದ್’, ಅಂದರೆ ಮಾಂಸ ಇಲ್ಲದ್ದು, ಅಂತ ಬಾಯಿಪಾಠ ಮಾಡಿಕೊಳ್ಳಿ. ಎಲ್ಲೆಲ್ಲೂ ಸಿಗುವ ಪೂಟೀನ್ ಬರೀ ಆಲೂಗಡ್ಡೆ, ಚೀಸ್ ಅನ್ನಿಸಿದರೂ ಮೇಲೆ ಸುರಿಯುವ ಗ್ರೇವಿ ಸಾಮಾನ್ಯವಾಗಿ ಮಾಂಸದ್ದು.