ನಮ್ಮ ದಪ್ಪ ಗೋಡೆಗೆ ರೆವಿಟ್ ಕಿಟಕಿ

ಇಂಟರ್ನೆಟ್‌ನಿಂದ ಇಳಿಸಿಕೊಂಡ ರೆವಿಟ್ (ಕಟ್ಟಡದ ಮಾದರಿ, ನಕ್ಷೆ ಮಾಡುವ ಸಾಫ್ಟ್‌ವೇರ್) ಕಿಟಕಿಗಳ ಮೇಲೆ ನನಗೊಂದು ತಕರಾರು ಇದೆ. ನೋಡಲು ಬಹಳ ಚೆಂದ, ಆದರೆ ನಮ್ಮ ಗೋಡೆಗೆ ಕೂರುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ಹೊರಗೋಡೆ 9 ಇಂಚು, ಒಳಗೋಡೆ ನಾಲ್ಕೂವರೆ ಇಂಚು. ಅಲ್ಲಿ ಹೇಗೋ ನಡೆಯುತ್ತದೆ. ಅದೇ ಹಳೇ ಊರಲ್ಲೋ ಸುತ್ತಲಿನ ಹಳ್ಳಿಯಲ್ಲೋ ಒಂದು ಮನೆ ದುರಸ್ತಿಗೆ ಬಂತು ಅಂದರೆ ಒಂದೂವರೆ ಅಡಿ, ಕೆಲವೊಮ್ಮೆ ಎರಡಡಿ ದಪ್ಪದ ಕಲ್ಲಿನ ಗೋಡೆ, ಅದರಲ್ಲಿ ಈ ಕಿಟಕಿ ಇಟ್ಟರೆ ಚೌಕಟ್ಟು ಹೊರಮುಖಕ್ಕೆ ಅಂಟಿಕೊಳ್ಳುತ್ತದೆ, ಕೆಳಗಿನ ಕಲ್ಲಿನ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ, ಗ್ರಿಲ್ ಅಂತೂ ಇರುವುದೇ ಇಲ್ಲ. ಗ್ರಿಲ್ ಇಲ್ಲದ ಕಿಟಕಿ ನಮ್ಮ ಕಡೆ ಯಾರು ಕಟ್ಟಿಸುತ್ತಾರೆ ಹೇಳಿ?

ಅದಕ್ಕೇ ನಾನು ನನ್ನದೇ ಫ್ಯಾಮಿಲಿ, ಅಂದರೆ ಅಳತೆ ಬದಲಿಸಿ ಮತ್ತೆ ಮತ್ತೆ ಬಳಸಬಹುದಾದ ಮಾದರಿ ಫೈಲು, ಮಾಡಿಕೊಂಡಿದ್ದೇನೆ. ಮಾಡುವ ಮೊದಲು ಕಾಗದದ ಮೇಲೆ ಒಂದೇ ವಿಷಯ ಬರೆದುಕೊಳ್ಳುತ್ತೇನೆ: ಯಾವ ಅಳತೆ ಬದಲಾಗಬೇಕು, ಯಾವುದು ಎಂದೂ ಬದಲಾಗಬಾರದು. ಎಲ್ಲವನ್ನೂ ಪ್ಯಾರಾಮೀಟರ್ (ಬದಲಿಸಬಹುದಾದ ಅಳತೆ ಅಥವಾ ಆಯ್ಕೆ) ಮಾಡುವ ಚಟ ಕೆಲವರಿಗಿದೆ. ಹಿಡಿಕೆಯ ಎತ್ತರ, ಗಾಜಿನ ದಪ್ಪ, ಬೀಡಿಂಗ್ ಅಗಲ, ಎಲ್ಲ. ಆಮೇಲೆ ಆ ಫೈಲನ್ನು ಅವರನ್ನು ಬಿಟ್ಟು ಬೇರೆ ಯಾರೂ ಮುಟ್ಟುವುದಿಲ್ಲ. ನನ್ನದರಲ್ಲಿ ಅಗಲ, ಎತ್ತರ, ಸಿಲ್ (ಕಿಟಕಿಯ ತಳ) ಮಟ್ಟ, ಚೌಕಟ್ಟು ಗೋಡೆಯೊಳಗೆ ಎಷ್ಟು ಸರಿಯಬೇಕು, ಛಜ್ಜಾದ ಚಾಚು, ಗ್ರಿಲ್ ಬೇಕೋ ಬೇಡವೋ, ಯಾವ ಬಾಗಿಲ ಪಟ್ಟು (ಕಿಟಕಿಯ ತೆರೆಯುವ ಷಟರ್), ಇಷ್ಟೇ. ಉಳಿದದ್ದು ಫಿಕ್ಸ್.

ವಿಂಡೋ ಟೆಂಪ್ಲೇಟ್ ತೆರೆದರೆ ಗೋಡೆಯ ತುಂಡು, ಅದರಲ್ಲಿ ತೂತು, ಅಗಲ ಎತ್ತರದ ಪ್ಯಾರಾಮೀಟರ್ ಮೊದಲೇ ಇರುತ್ತವೆ. ಅಲ್ಲಿಂದ ಮುಂದೆ ಕೂಡಲೇ ಚೌಕಟ್ಟು ಬಿಡಿಸಲು ಕೂರಬೇಡಿ. ಮೊದಲು ಅಳತೆಗೆ ಆಧಾರವಾಗುವ ರೆಫರೆನ್ಸ್ ಪ್ಲೇನ್‌ಗಳು, ಅವುಗಳ ನಡುವೆ ಡೈಮೆನ್ಷನ್, ಡೈಮೆನ್ಷನ್‌ಗೆ ಲೇಬಲ್ (ಪ್ಯಾರಾಮೀಟರಿನ ಹೆಸರು). ಆಮೇಲೆ ಬರೀ ಈ ಅಸ್ಥಿಪಂಜರವನ್ನೇ ಎಳೆದಾಡಿ ನೋಡಬೇಕು. ಅಗಲ 600 ಎಂಎಂ ಕೊಡಿ, 2400 ಕೊಡಿ, ಗೋಡೆಯನ್ನು 115 ಮಾಡಿ, 600 ಮಾಡಿ. ಪ್ಲೇನ್‌ಗಳು ಸರಿಯಾಗಿ ಸರಿದರೆ ಮಾತ್ರ ಮರ, ಗಾಜು ಎಳೆದು ಆ ಪ್ಲೇನ್‌ಗಳಿಗೆ ಲಾಕ್ ಮಾಡುವುದು. ಚೌಕಟ್ಟನ್ನು ನೇರವಾಗಿ ಇನ್ನೊಂದು ಚೌಕಟ್ಟಿನ ಅಂಚಿಗೆ ಲಾಕ್ ಮಾಡಿದರೆ ಮೊದಲ ದಿನ ಏನೂ ಆಗುವುದಿಲ್ಲ. ಮೂರನೇ ಬದಲಾವಣೆಗೆ ಕೆಂಪು ಎಚ್ಚರಿಕೆ ಬರುತ್ತದೆ, ಯಾವ ಲಾಕ್ ಜಗಳ ಮಾಡುತ್ತಿದೆ ಅಂತ ಹುಡುಕುವಷ್ಟರಲ್ಲಿ ಸಂಜೆ ಆಗಿರುತ್ತದೆ.

ಈಗ ಗೋಡೆಯ ದಪ್ಪ. ಗೋಡೆಯ ಹೊರಮುಖದಿಂದ ಒಳಮುಖಕ್ಕೆ ಒಂದು ಡೈಮೆನ್ಷನ್ ಇಟ್ಟು ಅದನ್ನು ರಿಪೋರ್ಟಿಂಗ್ ಪ್ಯಾರಾಮೀಟರ್ ಮಾಡಿ. ಇದಕ್ಕೆ ನಾವು ಅಳತೆ ಕೊಡುವುದಿಲ್ಲ, ಗೋಡೆಯೇ ತನ್ನ ದಪ್ಪ ಹೇಳುತ್ತದೆ. ಡೈಮೆನ್ಷನ್‌ನ ಎರಡೂ ತುದಿ ಗೋಡೆಯ ಮುಖವನ್ನೇ ಹಿಡಿದಿರಬೇಕು, ಇಲ್ಲವಾದರೆ ಅದನ್ನು ಫಾರ್ಮುಲಾದಲ್ಲಿ ಬಳಸಲು ರೆವಿಟ್ ಬಿಡುವುದಿಲ್ಲ. ಆಮೇಲೆ ಚೌಕಟ್ಟಿನ ಸರಿತಕ್ಕೆ (ಅದು ಒಳಗೆ ಸರಿಯುವ ಅಳತೆಗೆ) ಒಂದು ಷರತ್ತು: ಗೋಡೆ 300 ಎಂಎಂಗಿಂತ ದಪ್ಪ ಇದ್ದರೆ 150 ಒಳಗೆ, ಇಲ್ಲದಿದ್ದರೆ 50. ಈ ಸರಿತ ಇನ್‌ಸ್ಟನ್ಸ್ ಪ್ಯಾರಾಮೀಟರ್ (ಒಂದೊಂದು ಕಿಟಕಿಗೂ ಬೇರೆ) ಆಗಿರಲೇಬೇಕು, ಯಾಕೆಂದರೆ ಟೈಪ್ ಪ್ಯಾರಾಮೀಟರ್ (ಆ ಬಗೆಯ ಎಲ್ಲ ಕಿಟಕಿಗೂ ಒಂದೇ) ಒಂದು ಇನ್‌ಸ್ಟನ್ಸನ್ನು ನಂಬಿ ನಿಲ್ಲುವಂತಿಲ್ಲ. ಕೆಳಗಿನ ಕಡಪಾ ಕಲ್ಲನ್ನು ಎರಡೂ ಮುಖಕ್ಕೆ ಲಾಕ್ ಮಾಡಿದರೆ ಫಾರ್ಮುಲಾ ಇಲ್ಲದೆಯೇ ಹಿಗ್ಗುತ್ತದೆ. ಇನ್ನೊಂದು ಚಿಕ್ಕ ಸಂಗತಿ: ಚೌಕಟ್ಟು ಕೂರುವ ಪ್ಲೇನ್‌ಗೆ ವಾಲ್ ಕ್ಲೋಷರ್ ಟಿಕ್ ಹಾಕಿ, ಗೋಡೆಯ ಟೈಪ್‌ನಲ್ಲೂ ರ‍್ಯಾಪಿಂಗ್ ಆನ್ ಮಾಡಿ. ಆಗ ಗಿಲಾವು ಮೂಲೆ ತಿರುಗಿ ಚೌಕಟ್ಟಿನವರೆಗೆ ಬರುತ್ತದೆ, ನಮ್ಮ ಗೌಂಡಿಗಳು ಮಾಡುವ ಹಾಗೆಯೇ.

ಅಗಲ ಎತ್ತರ ಮಾತ್ರ ಟೈಪ್‌ನಲ್ಲೇ ಇರಲಿ. "ಸರ್, ಆ ಕಿಡಕಿ ಅರ್ಧ ಫೂಟ್ ದೊಡ್ಡದ್ ಮಾಡ್ರಿ" ಅಂತ ಮಾಲೀಕರು ಹೇಳುವುದು ಸಾಮಾನ್ಯವಾಗಿ ಲಿಂಟಲ್ ಮಟ್ಟಕ್ಕೆ ಗೋಡೆ ಬಂದಾಗಲೇ. ಇನ್‌ಸ್ಟನ್ಸ್ ಮಾಡಿದ್ದರೆ ಒಂದೊಂದು ಕಿಟಕಿಯೂ ಒಂದೊಂದು ಅಳತೆಗೆ ಹೋಗಿ ಶೆಡ್ಯೂಲ್ (ಕಿಟಕಿಗಳ ಪಟ್ಟಿ) ಕಲಸುಮೇಲೋಗರ. ಟೈಪ್ ಆಗಿದ್ದರೆ ಹೊಸ ಟೈಪ್ ಮಾಡಿ, ಹೆಸರಿಡಿ, ಬಡಿಗರಿಗೆ ಹೊಸ ಪಟ್ಟಿ ಕಳಿಸಿ. ಸೈಟ್‌ನಲ್ಲಿ ಎಲ್ಲರೂ ಅಡಿಯಲ್ಲಿ ಮಾತಾಡುತ್ತಾರೆ, ನಕ್ಷೆ ಎಂಎಂನಲ್ಲಿ ಇರುತ್ತದೆ. 4 ಅಡಿ ಅಂದರೆ 1219 ಎಂಎಂ ಚಿಲ್ಲರೆ, ನಾವು 1200 ಅಂತ ಬರೆಯುತ್ತೇವೆ. ಟೈಪ್ ಹೆಸರಲ್ಲೇ ಯಾವುದು ಅಂತ ಸ್ಪಷ್ಟ ಇರಲಿ.

ಗ್ರಿಲ್ ನನಗೆ ಇಷ್ಟದ ಭಾಗ. ಒಂದು ಸರಳನ್ನು ಬೇರೆ ಫ್ಯಾಮಿಲಿಯಾಗಿ ಮಾಡಿ, ಒಳಗೆ ತಂದು ಅರೇ (ಸಮ ಅಂತರದ ಸಾಲು) ಮಾಡಿ, ಅರೇಯ ಸಂಖ್ಯೆಗೆ ಲೇಬಲ್ ಕೊಡಿ. ಒಳ ಅಗಲವನ್ನು 100 ಎಂಎಂನಿಂದ ಭಾಗಿಸಿ ಮೇಲಕ್ಕೆ ರೌಂಡ್ ಮಾಡಿದರೆ ಸಂದುಗಳ ಸಂಖ್ಯೆ, ಅದರಲ್ಲಿ ಒಂದು ಕಳೆದರೆ ಸರಳುಗಳ ಸಂಖ್ಯೆ. 1200ರ ಕಿಟಕಿ, ಎರಡೂ ಕಡೆ 60ರ ಚೌಕಟ್ಟು ಹೋದರೆ ಉಳಿದದ್ದು 1080. ಸಂದು 11, ಸರಳು 10, ಮಧ್ಯದಿಂದ ಮಧ್ಯಕ್ಕೆ ಸುಮಾರು 98. ಬಾತ್‌ರೂಮಿನ ಪುಟ್ಟ ಕಿಟಕಿಗೆ ಬಂದಾಗ ಹುಷಾರು, ಹಳೆಯ ಆವೃತ್ತಿಗಳಲ್ಲಿ ಅರೇ ಎರಡಕ್ಕಿಂತ ಕಡಿಮೆ ಆದರೆ ಒಪ್ಪುವುದಿಲ್ಲ. ಫಾರ್ಮುಲಾದಲ್ಲೇ ಕನಿಷ್ಠ 2 ಅಂತ ಕಟ್ಟಿಹಾಕಿ. ಸರಳಿನ ಫ್ಯಾಮಿಲಿಗೆ ಶೇರ್ಡ್ ಟಿಕ್ ಹಾಕಿದರೆ ಅದು ಶೆಡ್ಯೂಲ್‌ನಲ್ಲಿ ಬೇರೆಯಾಗಿ ಎಣಿಕೆಗೆ ಬರುತ್ತದೆ, ಫ್ಯಾಬ್ರಿಕೇಶನ್‌ನವರ ಜೊತೆ ಕಬ್ಬಿಣದ ಲೆಕ್ಕಕ್ಕೆ ಕೂತಾಗ ಇದರ ಬೆಲೆ ಗೊತ್ತಾಗುತ್ತದೆ.

ಬಾಗಿಲ ಪಟ್ಟುಗಳೂ ಹಾಗೆಯೇ: ಮರದ ಎರಡು ಪಟ್ಟು, ಯುಪಿವಿಸಿ ಸ್ಲೈಡಿಂಗ್, ಸೊಳ್ಳೆ ಜಾಲರಿ ಇರುವ ಮೂರು ಟ್ರ್ಯಾಕ್, ಒಂದೊಂದೂ ಬೇರೆ ಫ್ಯಾಮಿಲಿ. ಫ್ಯಾಮಿಲಿ ಟೈಪ್ ಪ್ಯಾರಾಮೀಟರ್ ಇಟ್ಟರೆ ಪಟ್ಟಿಯಿಂದ ಆರಿಸಿಕೊಳ್ಳಬಹುದು. ಛಜ್ಜಾಕ್ಕೆ ಬರೀ ಚಾಚಿನ ಅಳತೆ ಸಾಕು, ಬೆಳಗಾವಿಯ ಗಾಳಿಮಳೆಗೆ ಜಾಸ್ತಿ ಕೊಡುತ್ತೇನೆ, ವಿಜಯಪುರದ ಬಿಸಿಲಿಗೆ ದಿಕ್ಕು ನೋಡಿ.

ಕಮಾನಿನ ಕಿಟಕಿಯನ್ನು ಮಾತ್ರ ಇದೇ ಫೈಲಿಗೆ ಸೇರಿಸಿಲ್ಲ. ಸೇರಿಸಿ ಅಂತ ಆಫೀಸಿನ ಹುಡುಗರು ಕೇಳುತ್ತಲೇ ಇರುತ್ತಾರೆ. ಸೇರಿಸಿದರೆ ಪ್ರತಿ ಸಾದಾ ಕಿಟಕಿಯೂ ಸುಮ್ನೆ ಕಮಾನಿನ ಭಾರ ಹೊರಬೇಕು. ಬೇರೆ ಫ್ಯಾಮಿಲಿ ಮಾಡಿ, ಅದರಲ್ಲಿ ಏರಿಕೆಯನ್ನು (ಕಮಾನು ಎಷ್ಟು ಮೇಲೇಳುತ್ತದೆ ಎಂಬುದನ್ನು) ನೀವು ಕೊಡಿ, ತ್ರಿಜ್ಯವನ್ನು ಫಾರ್ಮುಲಾಗೆ ಬಿಡಿ: ಅರ್ಧ ಅಗಲದ ವರ್ಗಕ್ಕೆ ಏರಿಕೆಯ ವರ್ಗ ಕೂಡಿಸಿ, ಏರಿಕೆಯ ಎರಡು ಪಟ್ಟಿನಿಂದ ಭಾಗಿಸುವುದು. ಅಗಲ 1200, ಏರಿಕೆ 300 ಇದ್ದರೆ ತ್ರಿಜ್ಯ 750 ಬರುತ್ತದೆ. ಏರಿಕೆ ಸೊನ್ನೆ ಕೊಟ್ಟರೆ ಫಾರ್ಮುಲಾ ಒಡೆಯುತ್ತದೆ, ಆದ್ದರಿಂದ ಅದಕ್ಕೂ ಒಂದು ಕನಿಷ್ಠ ಅಳತೆ ಕಟ್ಟಿಡಿ.